1 ಬಿಎಚ್‌ಕೆ ಮಾರಿ 2 ಬಿಎಚ್‌ಕೆಗೆ: ಮುಂಬಯಿಯಲ್ಲಿ ಮೊದಲು ಮಾರಬೇಕೇ, ಮೊದಲು ಕೊಳ್ಳಬೇಕೇ?

ಡೊಂಬಿವಲಿ_ಪೂರ್ವ:
ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ 410 ಚದರ ಅಡಿ ಕಾರ್ಪೆಟ್‌ನ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) 1 ಬಿಎಚ್‌ಕೆ ಇದೆ. 2012ರಲ್ಲಿ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಎಲ್ಲ ಸೇರಿ 26 ಲಕ್ಷ ಬಿದ್ದದ್ದು. ಈಗ 58 ಲಕ್ಷಕ್ಕೆ ಗಿರಾಕಿ ಸಿಗುತ್ತಿದ್ದಾರೆ. ಬ್ಯಾಂಕಿನ ಸಾಲ 14 ಲಕ್ಷ ಬಾಕಿ, ತಿಂಗಳ ಕಂತು 18,000. ಊರಿನಿಂದ ತಂದೆ ತಾಯಿ ಬಂದು ಇರುವುದರಿಂದ ದೊಡ್ಡ ಮನೆ ಬೇಕೇ ಬೇಕು. ಠಾಣೆಯಲ್ಲಿ ರೀಸೇಲ್ 2 ಬಿಎಚ್‌ಕೆ 1.25 ಕೋಟಿ ಹೇಳುತ್ತಾರೆ. ನೋಡಿದ ಮನೆ ವಾರದೊಳಗೆ ಕೈಬಿಟ್ಟು ಹೋಗುತ್ತದೆ, ಹಾಗಾಗಿ ಮೊದಲು ಅದನ್ನೇ ಹಿಡಿಯೋಣ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಕೈಯಲ್ಲಿ ಉಳಿತಾಯ ಹೆಚ್ಚೇನೂ ಇಲ್ಲ. 58ರಲ್ಲಿ 14 ಹೋದರೆ 44 ಲಕ್ಷ ಉಳಿಯುತ್ತದೆ, ಮಿಕ್ಕದ್ದು ಸಾಲ. ಈ ಲೆಕ್ಕ ಸರಿಯೇ? ಯಾವ ಕ್ರಮದಲ್ಲಿ ಹೋಗಬೇಕು?

ಮಾಟುಂಗಾ_ಲೆಕ್ಕಪತ್ರ:
44 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ ಸರ್. 58 ಲಕ್ಷ 50 ಲಕ್ಷದ ಗಡಿ ದಾಟುವುದರಿಂದ ಕೊಳ್ಳುವವರು 1% ಟಿಡಿಎಸ್ (ಆದಾಯ ತೆರಿಗೆಗೆಂದು ಮೊದಲೇ ಮುರಿದುಕೊಳ್ಳುವ ಹಣ) ಹಿಡಿಯುತ್ತಾರೆ, ಅದು 58,000. ರಿಟರ್ನ್‌ನಲ್ಲಿ ವಾಪಸು ಕೇಳಬಹುದು, ಆದರೆ ಮನೆ ಕೊಳ್ಳುವ ದಿನ ಆ ಹಣ ನಿಮ್ಮ ಹತ್ತಿರ ಇರುವುದಿಲ್ಲ. ದಲ್ಲಾಳಿ 1% ಎಂದರೆ ಇನ್ನೊಂದು 58,000, ಅದರ ಮೇಲೆ 18% ಜಿಎಸ್‌ಟಿ 10,440. ಕೈಗೆ ಬರುವುದು 42,73,560.

ಈಗ ಆ ಕಡೆಯ ಖರ್ಚು. ಮನೆ ಸಾಲ 75 ಲಕ್ಷ ದಾಟಿದರೆ ಬ್ಯಾಂಕು ಕೊಡಬಹುದಾದದ್ದು ಬೆಲೆಯ 75% ಮಾತ್ರ, ಅದು ರಿಸರ್ವ್ ಬ್ಯಾಂಕಿನ ಮಿತಿ. 1.25 ಕೋಟಿಗೆ 93.75 ಲಕ್ಷ. ನಿಮ್ಮ ಪಾಲು 31.25 ಲಕ್ಷ. ಸ್ಟ್ಯಾಂಪ್ ಡ್ಯೂಟಿಯನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸುವಂತಿಲ್ಲ, ಅಷ್ಟೂ ನಿಮ್ಮ ಜೇಬಿನಿಂದ. ಠಾಣೆ ನಗರದಲ್ಲಿ ಮೆಟ್ರೋ ಸೆಸ್ ಸೇರಿ 7%, ಅಂದರೆ 8,75,000. ನೋಂದಣಿ 30,000 (1% ಇದ್ದರೂ ಮೇಲ್ಮಿತಿ ಅಷ್ಟೇ). ದಲ್ಲಾಳಿ 1% ಮತ್ತು ಜಿಎಸ್‌ಟಿ 1,47,500. ಸೊಸೈಟಿಯ ಟ್ರಾನ್ಸ್‌ಫರ್ ಪ್ರೀಮಿಯಂ 25,000. ಒಟ್ಟು 42,02,500.

ಉಳಿಯುವುದು 71,060. ಸಾಮಾನು ಸಾಗಿಸುವುದು, ಬಣ್ಣ, ಕಪಾಟು, ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಫೀ ಎಲ್ಲ ಇಷ್ಟರಲ್ಲೇ ಆಗಬೇಕು, ಅದು ಆಗುವ ಮಾತಲ್ಲ. 1.25 ಕೋಟಿ ನಿಮ್ಮ ಮಿತಿಯ ತುದಿ ಎಂದು ತಿಳಿದುಕೊಂಡೇ ಮಾತಿಗೆ ಕೂರಿ. 1.15ರ ಒಳಗೆ ಸಿಕ್ಕರೆ ಉಸಿರಾಡಬಹುದು.

ಕಂತಿನ ಲೆಕ್ಕವನ್ನೂ ನೋಡಿ. 8.5% ಬಡ್ಡಿಗೆ 20 ವರ್ಷದ ಅವಧಿಯಲ್ಲಿ ಲಕ್ಷಕ್ಕೆ 868 ರೂಪಾಯಿ. 93.75 ಲಕ್ಷಕ್ಕೆ ತಿಂಗಳಿಗೆ ಸುಮಾರು 81,400. ಎಲ್ಲ ಕಂತು ಸೇರಿ ಕೈಗೆ ಬರುವ ಸಂಬಳದ ಅರ್ಧ ಮೀರಬಾರದು ಎಂದು ಬ್ಯಾಂಕು ಹಿಡಿದರೆ 1,62,800 ಸಂಬಳ ಬೇಕು. ಹಳೆ ಸಾಲ ನಡೆಯುತ್ತಿರುವಾಗಲೇ ಅರ್ಜಿ ಹಾಕಿದರೆ ಆ 18,000 ಕೂಡ ಸೇರಿ 1,98,800 ಬೇಕಾಗುತ್ತದೆ. ಆದ್ದರಿಂದ ಅರ್ಜಿಯ ಜೊತೆಗೇ ಹಳೆ ಮನೆ ಮಾರಾಟದ ಒಪ್ಪಂದದ ಪ್ರತಿ ಕೊಟ್ಟು, 'ಹಳೆ ಸಾಲ ಮುಚ್ಚುವ ಷರತ್ತಿನ ಮೇಲೆ' ಮಂಜೂರಾತಿ ಕೇಳಿ. ಮೊದಲು ಕೊಳ್ಳಲು ಹೊರಟರೆ ಅಡಚಣೆ ಶುರುವಾಗುವುದೇ ಇಲ್ಲಿ, ತೋರಿಸಲು ಆ ಒಪ್ಪಂದವೇ ಇರುವುದಿಲ್ಲ.

ಕಲಬುರಗಿ_ಠಾಣೆ:
ಲೆಕ್ಕ ಬರೋಬರಿ ಅದರೀ. ಆದ್ರ ಒಂದ್ ಮಾತು. ಮೊದಲು ಮಾರಿ ಕುಂತ್ರ, ಮನಿ ಹುಡುಕೋದ್ರಾಗ ಆರು ತಿಂಗಳು ಹೋದ್ರ, ರೇಟು ಮ್ಯಾಲೆ ಹೋಗಿಬಿಡ್ತದ. 1.25 ಇದ್ದದ್ದು 1.32 ಆದ್ರ ಏನ್ ಮಾಡ್ತೀರಿ? ಕೆಲವು ಬ್ಯಾಂಕಿನ್ಯಾಗ ಹಳೆ ಮನಿ ಮಾರೂತನಕ ಬ್ರಿಜ್ ಲೋನ್ ಕೊಡ್ತಾರ, ಬಡ್ಡಿ ಜಾಸ್ತಿ ಇರ್ತದ ಖರೆ. ಇನ್ನೊಂದು, ಹೊಸ ಮನಿ ಮನಿಯವರ ಹೆಸರಿಗೆ ಮಾಡ್ರಿ. ಹೆಣ್ಣುಮಕ್ಕಳ ಹೆಸರಿಗೆ ಸ್ಟ್ಯಾಂಪ್ ಡ್ಯೂಟಿ 1% ಕಮ್ಮಿ, ಸವಾ ಲಕ್ಷ ಉಳೀತದ.

ಮುಲುಂಡ್_ದಸ್ತಾವೇಜು:
ಇಲ್ಲಿ ಮೊದಲು ಮಾರು ಇಲ್ಲವೇ ಮೊದಲು ಕೊಳ್ಳು ಎಂಬ ಆಯ್ಕೆ ಇಲ್ಲ. ಎರಡು ವ್ಯವಹಾರಗಳನ್ನೂ ತಾರೀಖಿನಿಂದ ಕಟ್ಟಿಹಾಕುವುದೇ ದಾರಿ. ಮನೆ ಬದಲಿಸುವವರ ವ್ಯವಹಾರ ಮುರಿಯುವುದು ಬೆಲೆಯಿಂದ ಅಲ್ಲ, ಒಪ್ಪಂದದಲ್ಲಿ ಬರೆದ ತಾರೀಖಿನಿಂದ.

ಕ್ರಮ ಹೀಗಿರಲಿ. ಹಳೆ ಮನೆಗೆ ಗಿರಾಕಿ ಖಚಿತವಾಗಿ ಟೋಕನ್ (ಮಾತು ಗಟ್ಟಿ ಮಾಡುವ ಮುಂಗಡ) ತೆಗೆದುಕೊಳ್ಳುವ ಮೊದಲೇ ಹೊಸ ಮನೆಗಳನ್ನು ನೋಡಿ ಎರಡು ಮೂರನ್ನು ಆರಿಸಿಟ್ಟುಕೊಳ್ಳಿ. ಟೋಕನ್ ಆದ ಹದಿನೈದು ದಿನದೊಳಗೆ ಹಳೆ ಮನೆಯ ಮಾರಾಟದ ಕರಾರು ನೋಂದಣಿ ಆಗಲಿ. ನೋಂದಣಿ ಆದ ಮೇಲೆ ಗಿರಾಕಿ ಸುಲಭಕ್ಕೆ ಹಿಂದೆ ಸರಿಯುವುದಿಲ್ಲ, ಯಾಕೆಂದರೆ ಮಹಾರಾಷ್ಟ್ರದಲ್ಲಿ ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಆ ಕರಾರಿನ ಮೇಲೇ ಬೀಳುತ್ತದೆ. ಅದು ಕೈಗೆ ಬಂದ ಮೇಲೆ ಹೊಸ ಮನೆಗೆ ಟೋಕನ್ ಕೊಡಿ. ಹೊಸ ಕರಾರಿನಲ್ಲಿ ನಿಮ್ಮ ಪಾಲಿನ ಹಣದ ಗಡುವು, ಹಳೆ ಕರಾರಿನಲ್ಲಿ ನಿಮಗೆ ಕೊನೆಯ ಕಂತು ಬರಬೇಕಾದ ದಿನಕ್ಕಿಂತ ಕನಿಷ್ಠ 20 ದಿನ ಆಚೆಗೆ ಇರಲಿ. ಬ್ಯಾಂಕು ತಡ ಮಾಡಿದರೆ ಇನ್ನೂ 30 ದಿನ, ಇಂತಿಷ್ಟು ಬಡ್ಡಿ ಕೊಟ್ಟು ಮುಂದುವರಿಯಬಹುದು ಎಂಬ ಕಲಮನ್ನು ಎರಡೂ ಕರಾರಿನಲ್ಲಿ ಹಾಕಿಸಿ. ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಬಿಟ್ಟರೆ ನಡುವೆ ಸಿಕ್ಕುವವರು ನೀವೇ.

ಹಳೆ ಸಾಲದ ವಿಷಯ. ಕೊಳ್ಳುವವರಿಗೆ 58 ಲಕ್ಷಕ್ಕೆ 80% ಸಾಲ ಸಿಗುತ್ತದೆ, ಅವರ ಸ್ವಂತ ಪಾಲು 11.6 ಲಕ್ಷ. ಟಿಡಿಎಸ್ ಕಳೆದು 11.02 ಲಕ್ಷ. ಅದನ್ನು ನೇರ ನಿಮ್ಮ ಸಾಲದ ಖಾತೆಗೆ ತುಂಬಿಸಿ, ಕಡಿಮೆ ಬೀಳುವ 2.98 ಲಕ್ಷ ನೀವು ಹಾಕಿ ಸಾಲ ಮುಚ್ಚಿಬಿಟ್ಟರೆ ಮೂಲ ಕಾಗದ ಬೇಗ ಹೊರಬರುತ್ತದೆ, ಅವರ ಬ್ಯಾಂಕು ಒಂದೇ ಸಲಕ್ಕೆ ಪೂರ್ತಿ ಹಣ ಕೊಡುತ್ತದೆ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಬೇಗ ಮುಚ್ಚಿದ್ದಕ್ಕೆ ದಂಡ ಹಾಕುವಂತಿಲ್ಲ.

ಮಾಟುಂಗಾ_ಲೆಕ್ಕಪತ್ರ:
ದಸ್ತಾವೇಜು ಅವರು ಹೇಳಿದ ಕ್ರಮ ಸರಿ, ಆದರೆ ಕೊನೆಯ ಭಾಗ ಈ ಪ್ರಕರಣಕ್ಕೆ ಹೊಂದುವುದಿಲ್ಲ. ಪ್ರಶ್ನೆ ಕೇಳಿದವರ ಕೈಯಲ್ಲಿ ಉಳಿತಾಯ ಇಲ್ಲ. ಹೊಸ ಮನೆಯ ನೋಂದಣಿಗೆ ಮೊದಲೇ ಸ್ಟ್ಯಾಂಪ್ ಡ್ಯೂಟಿ, ನೋಂದಣಿಯ 9.05 ಲಕ್ಷ ಸರ್ಕಾರದ ಗ್ರಾಸ್ ಪೋರ್ಟಲ್‌ನಲ್ಲಿ ತುಂಬಬೇಕು. ಕೊಳ್ಳುವವರ 11.02 ಲಕ್ಷ ಹಳೆ ಸಾಲಕ್ಕೆ ಹೋದರೆ ಈ 9.05 ಎಲ್ಲಿಂದ ಬರಬೇಕು?

ಇವರಿಗೆ ಸರಿಹೋಗುವುದು ಹೀಗೆ: 11.02 ಲಕ್ಷ ಕರಾರಿನ ದಿನ ಇವರ ಖಾತೆಗೇ ಬರಲಿ. ಹಳೆ ಸಾಲದ 14 ಲಕ್ಷವನ್ನು ಕೊಳ್ಳುವವರ ಬ್ಯಾಂಕು ನೇರವಾಗಿ ಇವರ ಬ್ಯಾಂಕಿಗೆ ಕಟ್ಟಲಿ. ಅದಕ್ಕೆ ಫೋರ್‌ಕ್ಲೋಶರ್ ಲೆಟರ್ (ಸಾಲ ಮುಚ್ಚಲು ಎಷ್ಟು ಕಟ್ಟಬೇಕೆಂಬ ಪತ್ರ) ಮತ್ತು ಬ್ಯಾಂಕಿನಲ್ಲಿರುವ ದಾಖಲೆಗಳ ಪಟ್ಟಿ, ಎರಡನ್ನೂ ಈಗಲೇ ಅರ್ಜಿ ಕೊಟ್ಟು ತೆಗೆದಿಡಿ. ದಾಖಲೆ ಬಂದ ಮೇಲೆ ಉಳಿದ 32.4 ಲಕ್ಷ ಇವರಿಗೆ ಬರುತ್ತದೆ. ಹೊಸ ಮನೆಗೆ ಇವರ ಪಾಲು 31.25, ಅದರಲ್ಲಿ ಇವರು ಹಿಡಿಯುವ ಟಿಡಿಎಸ್ 1.25 ತೆರಿಗೆ ಇಲಾಖೆಗೆ, ಮಾರುವವರಿಗೆ 30 ಲಕ್ಷ. ಹೊಂದುತ್ತದೆ.

ಇದರಲ್ಲಿ ನಿಧಾನ ಆಗುವುದು ಒಂದೇ ಕಡೆ, ಹಳೆ ಬ್ಯಾಂಕಿನಿಂದ ಮೂಲ ಕಾಗದ ಹೊರಬರುವುದು. ದಾಖಲೆಗಳು ಶಾಖೆಯಲ್ಲಿ ಇರುವುದಿಲ್ಲ, ಬೇರೆ ಕಡೆಯ ಉಗ್ರಾಣದಲ್ಲಿರುತ್ತವೆ. ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ತಾರೀಖು ಕಟ್ಟುವಾಗ ಆ 30 ದಿನವನ್ನು ಪೂರ್ತಿ ಎಣಿಸಿಕೊಳ್ಳಿ. ಹಾಗಾಗಿ ಹೊಸ ಕರಾರಿಗೆ 60 ದಿನ ಸಾಲದು, 75 ಅಥವಾ 90 ಕೇಳಿ. ಮಾರುವವರು ಒಪ್ಪದಿದ್ದರೆ ಆ ಮನೆ ನಿಮ್ಮದಲ್ಲ ಎಂದು ಬಿಡುವುದೇ ಒಳ್ಳೆಯದು.

ಕಲಬುರಗಿ ಅವರೇ, ಮನೆಯವರ ಹೆಸರಿನ ವಿಷಯಕ್ಕೆ ಬರುತ್ತೇನೆ. ರಿಯಾಯಿತಿ ಇರುವುದು ನಿಜ. ಕೊಳ್ಳುವವರು ಹೆಂಗಸರು ಮಾತ್ರ ಆಗಿರಬೇಕು, ಗಂಡ ಹೆಂಡತಿ ಜಂಟಿಯಾಗಿ ಕೊಂಡರೆ ಸಿಗುವುದಿಲ್ಲ. 15 ವರ್ಷ ಗಂಡಸರಿಗೆ ಮಾರಬಾರದು ಎಂದಿದ್ದ ನಿರ್ಬಂಧವನ್ನು 2023ರಲ್ಲಿ ತೆಗೆದಿದ್ದಾರೆ. ಆದರೆ ಹಳೆ ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಅದು ಗಂಡನ ಹೆಸರಿನಲ್ಲಿದ್ದು ಹೊಸದು ಪೂರ್ತಿ ಹೆಂಡತಿಯ ಹೆಸರಿಗೆ ಹೋದರೆ, ಬಂಡವಾಳ ಲಾಭಕ್ಕೆ ಆದಾಯ ತೆರಿಗೆಯ 54ನೇ ಕಲಮಿನ ವಿನಾಯಿತಿ (ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಸಿಗುವುದು) ಕೇಳುವಾಗ ತಕರಾರು ಏಳುತ್ತದೆ. ನ್ಯಾಯಾಲಯಗಳ ತೀರ್ಪು ಎರಡೂ ಕಡೆ ಇದೆ. ಸಾಲ ಕಟ್ಟುವವರು ಮಾಲೀಕರಲ್ಲದಿದ್ದರೆ ಬಡ್ಡಿಯ ಕಡಿತವೂ ಸಿಗುವುದಿಲ್ಲ.

ಎಷ್ಟು ಹಣದ ಪ್ರಶ್ನೆ ಎಂದು ನೋಡಿ. 2025-26ರಲ್ಲಿ ಮಾರಿದರೆ ಲಾಭ 58 ಲಕ್ಷದಲ್ಲಿ 26 ಲಕ್ಷ ಮತ್ತು ದಲ್ಲಾಳಿ ಖರ್ಚು ಕಳೆದು 31.32 ಲಕ್ಷ. 12.5% ದರದಲ್ಲಿ ತೆರಿಗೆ 3.91 ಲಕ್ಷ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದ್ದರಿಂದ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಸಹಿತ 20% ಲೆಕ್ಕವನ್ನೂ ಹಾಕಬಹುದು. 2012-13ರ ಸೂಚ್ಯಂಕ 200, 2025-26ರದ್ದು 376. 26 ಲಕ್ಷ 48.88 ಲಕ್ಷವಾಗುತ್ತದೆ, ತೆರಿಗೆ 1.69 ಲಕ್ಷ. ಸೆಸ್ ಬೇರೆ. ಇಷ್ಟು ತೆರಿಗೆಯನ್ನು ಸೊನ್ನೆ ಮಾಡಬಲ್ಲ ವಿನಾಯಿತಿಯನ್ನು 1.25 ಲಕ್ಷದ ಸ್ಟ್ಯಾಂಪ್ ಡ್ಯೂಟಿಗಾಗಿ ವಿವಾದಕ್ಕೆ ಒಡ್ಡುವುದು ಸರಿಯಲ್ಲ. ಹಳೆ ಮನೆ ಯಾರ ಹೆಸರಿನಲ್ಲಿದೆಯೋ ಅವರ ಹೆಸರು ಹೊಸ ಮನೆಯಲ್ಲಿ ಇರಲೇಬೇಕು. ಹಳೆಯದೇ ಹೆಂಡತಿಯ ಹೆಸರಿನಲ್ಲಿದ್ದರೆ ಮಾತ್ರ ನೀವು ಹೇಳಿದ ದಾರಿ ಎಲ್ಲ ರೀತಿಯಿಂದಲೂ ಒಳ್ಳೆಯದು.

ಕಲಬುರಗಿ_ಠಾಣೆ:
ಇದು ತಿಳಿಸಿದ್ದು ಚಲೋ ಆತರೀ. ಹಂಗಾದ್ರ ಮೊದಲು ಕೊಂಡು ಆಮ್ಯಾಲೆ ಮಾರಿದ್ರ 54ರಾಗ ನಡೀತದೇನು?

ಮಾಟುಂಗಾ_ಲೆಕ್ಕಪತ್ರ:
ನಡೆಯುತ್ತದೆ. ಹಳೆ ಮನೆ ಮಾರಿದ ದಿನಕ್ಕಿಂತ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಂಡಿರಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಅಂದರೆ ಮೊದಲು ಕೊಂಡವರಿಗೆ ಹಳೆಯದನ್ನು ಮಾರಲು 12 ತಿಂಗಳು ಇರುತ್ತದೆ. ಉಳಿತಾಯ ಇದ್ದು, ಎರಡು ಕಂತು ಹೊರುವ ಸಂಬಳ ಇದ್ದವರಿಗೆ ಅದು ಒಳ್ಳೆಯ ದಾರಿಯೇ. ಈ ಪ್ರಕರಣಕ್ಕೆ ಅಲ್ಲ. ಹೊಸ ಮನೆಯನ್ನು ಮೂರು ವರ್ಷ ಮಾರಬಾರದು, ಮಾರಿದರೆ ಬಿಟ್ಟ ಲಾಭ ತಿರುಗಿ ತೆರಿಗೆಗೆ ಬರುತ್ತದೆ. ಕಲಂ ಸಂಖ್ಯೆ 1961ರ ಕಾಯ್ದೆಯದು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ, ಆಮೇಲೆ ಸಂಖ್ಯೆ ಬೇರೆ.

ಡೊಂಬಿವಲಿ_ಪೂರ್ವ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ಹಳೆ ಮನೆ ನನ್ನ ಹೆಸರಿನಲ್ಲೇ ಇದೆ, ಆದ್ದರಿಂದ ಜಂಟಿ ಹೆಸರು ಎಂದು ತೀರ್ಮಾನಿಸುತ್ತೇವೆ. ಎರಡು ಪ್ರಶ್ನೆ. ದಲ್ಲಾಳಿ ಇವತ್ತೇ 1 ಲಕ್ಷ ಟೋಕನ್ ಕೊಡಿ, ಇನ್ನೊಂದು ಪಾರ್ಟಿ ಕಾಯ್ತಿದೆ ಎನ್ನುತ್ತಾರೆ. ಕೊಡಬಹುದೇ? ಮತ್ತೆ, ಹಳೆ ಮನೆ ಬಿಟ್ಟುಕೊಟ್ಟು ಹೊಸದು ಸಿಗುವ ತನಕ ನಡುವಿನ ತಿಂಗಳು ಎಲ್ಲಿರುವುದು?

ಮುಲುಂಡ್_ದಸ್ತಾವೇಜು:
ಟೋಕನ್ ಕೊಡುವ ಮೊದಲು ನಾಲ್ಕು ಕಾಗದ ಕಣ್ಣಿಂದ ನೋಡಿ: ಮಾರುವವರ ಹೆಸರಿನ ನೋಂದಾಯಿತ ಕರಾರು ಮತ್ತು ಅದರ ಇಂಡೆಕ್ಸ್ 2 (ನೋಂದಣಿ ಕಚೇರಿಯ ಸಾರಾಂಶ), ಸೊಸೈಟಿಯ ಶೇರ್ ಸರ್ಟಿಫಿಕೇಟ್, ಕಟ್ಟಡದ ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ), ಕೊನೆಯ ಮೇಂಟೆನೆನ್ಸ್ ಬಿಲ್. ನಾಲ್ಕರ ಫೋಟೋ ಕಳಿಸಲು ಹತ್ತು ನಿಮಿಷ ಸಾಕು. ಕಳಿಸದವರಿಗೆ ಟೋಕನ್ ಬೇಡ, ಹಿಂದೆ ಎಷ್ಟು ಪಾರ್ಟಿ ಕಾಯುತ್ತಿದ್ದರೂ ಸರಿ.

ಹಣ ಚೆಕ್ ಅಥವಾ ಆನ್‌ಲೈನ್ ಮೂಲಕ ಮಾತ್ರ. ಸ್ಥಿರಾಸ್ತಿಯ ಮುಂಗಡವನ್ನು 20,000 ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಯ ಪ್ರಕಾರ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ನೀವು ಹಳೆ ಮನೆಗೆ ಟೋಕನ್ ತೆಗೆದುಕೊಳ್ಳುವಾಗಲೂ ಇದು ನೆನಪಿರಲಿ. ರಸೀದಿಯಲ್ಲಿ ಮನೆಯ ಪೂರ್ತಿ ವಿವರ, ಒಪ್ಪಿದ ಬೆಲೆ, ಕರಾರು ಮಾಡುವ ಕೊನೆಯ ದಿನ ಬರೆಯಿಸಿ. ಟೈಟಲ್ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಏಳು ದಿನದಲ್ಲಿ ಟೋಕನ್ ಪೂರ್ತಿ ವಾಪಸು ಎಂಬ ಸಾಲು ಇರಲೇಬೇಕು.

ಕಾಗದಗಳಲ್ಲಿ ಹೆಚ್ಚು ಕೈಕೊಡುವುದು ಮೂರು ಕಡೆ. ಮೊದಲನೆಯದು ಸರಣಿ. ಬಿಲ್ಡರ್‌ನಿಂದ ಇವತ್ತಿನ ಮಾಲೀಕರವರೆಗೆ ಪ್ರತಿ ಕರಾರೂ ನೋಂದಣಿ ಆಗಿರಬೇಕು, ನಡುವೆ ಒಂದು ಕಳೆದಿದ್ದರೂ ಬ್ಯಾಂಕು ನಿಲ್ಲಿಸುತ್ತದೆ. ಎರಡನೆಯದು ಉತ್ತರಾಧಿಕಾರ. ತಂದೆ ತೀರಿಕೊಂಡ ಮೇಲೆ ನಾಮಿನಿಯಾಗಿ ಮಗನ ಹೆಸರು ಶೇರ್ ಸರ್ಟಿಫಿಕೇಟ್‌ಗೆ ಬಂದಿರುತ್ತದೆ. ನಾಮಿನಿ ಎಂದರೆ ಮಾಲೀಕ ಅಲ್ಲ. ಅಕ್ಕತಂಗಿಯರೂ ತಾಯಿಯೂ ಹಕ್ಕು ಬಿಟ್ಟ ನೋಂದಾಯಿತ ರಿಲೀಸ್ ಡೀಡ್ ಬೇಕು, ಇಲ್ಲವೇ ಅವರೆಲ್ಲ ಕರಾರಿಗೆ ಸಹಿ ಹಾಕಬೇಕು. ಮೂರನೆಯದು ಅಡಮಾನ. ಅಡಮಾನಗಳ ಕೇಂದ್ರ ದಾಖಲೆಯಾದ ಸರ್ಸಾಯ್ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕಕ್ಕೆ ಹುಡುಕಬಹುದು, ಮುಚ್ಚಿದ ಸಾಲವೂ ಅಲ್ಲಿ ತೆರೆದೇ ಉಳಿದಿರುವುದುಂಟು. ಆಗ ಮಾರುವವರು ತಮ್ಮ ಹಳೆ ಬ್ಯಾಂಕಿನಿಂದ ಅದನ್ನು ತೆಗೆಸಿಕೊಡಬೇಕು. ಒಂದು ಮರಾಠಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ 14 ದಿನದ ಸಾರ್ವಜನಿಕ ನೋಟಿಸ್ ಕೊಡುವುದು ರೂಢಿ. ಖರ್ಚು ಉಳಿಸಲು ಅದನ್ನು ಬಿಡಬೇಡಿ.

ನಡುವಿನ ತಿಂಗಳಿಗೆ ಉತ್ತಮ ಉಪಾಯ ಎಂದರೆ ನಿಮ್ಮದೇ ಹಳೆ ಮನೆಯಲ್ಲಿ ಹೊಸ ಮಾಲೀಕರಿಗೆ ಬಾಡಿಗೆ ಕೊಟ್ಟು ಎರಡು ಮೂರು ತಿಂಗಳು ಇರುವುದು. ಅವರಿಗೆ ಆ ಕಂತಿನ ಭಾರ ಸ್ವಲ್ಪ ಇಳಿಯುತ್ತದೆ, ನಿಮಗೆ ಎರಡು ಸಲ ಸಾಮಾನು ಕಟ್ಟುವುದು ತಪ್ಪುತ್ತದೆ. ಆದರೆ ಬಾಯಿಮಾತಿನಲ್ಲಿ ಬೇಡ. ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ, ಮನೆಯಲ್ಲೇ ಕೂತು ಆನ್‌ಲೈನ್ ಆಗುತ್ತದೆ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ 0.25%, ನೋಂದಣಿ 1,000. ಇದನ್ನು ಟೋಕನ್ ದಿನವೇ ಮಾತಾಡಿ ರಸೀದಿಯಲ್ಲಿ ಸೇರಿಸಿ. ಕೊನೆಯ ಕಂತಿನ ಹೊತ್ತಿಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ, ಅವರಿಗೂ ತಮ್ಮ ಬಾಡಿಗೆ ಮನೆ ಬಿಡುವ ತಾರೀಖು ಇರುತ್ತದೆ.

ಸೊಸೈಟಿ_ಕಚೇರಿ:
ಸೊಸೈಟಿ ಆಡಳಿತದ ಕಡೆಯಿಂದ ಕೆಲವು ಮಾತು. ಹೊಸ ಮನೆಯ ಸೊಸೈಟಿಯಲ್ಲಿ ಟ್ರಾನ್ಸ್‌ಫರ್ ಪ್ರೀಮಿಯಂ 25,000 ಮೀರುವಂತಿಲ್ಲ, ಅದರ ಜೊತೆ ಟ್ರಾನ್ಸ್‌ಫರ್ ಫೀ 500, ಪ್ರವೇಶ ಫೀ 100. 'ಅಭಿವೃದ್ಧಿ ನಿಧಿ', 'ಸ್ವಇಚ್ಛೆಯ ದೇಣಿಗೆ' ಎಂದು ಲಕ್ಷ ಕೇಳುವ ಸೊಸೈಟಿಗಳಿವೆ. ಕೊಡಬೇಕಾಗಿಲ್ಲ. ಬರಹದಲ್ಲಿ ಕೇಳಿ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮಾದರಿ ಉಪವಿಧಿಯ ಪ್ರಕಾರ ಮಾರಾಟಕ್ಕೆ ಸೊಸೈಟಿಯ ಎನ್‌ಒಸಿ ಬೇಕಿಲ್ಲ, ಆದರೆ ನಿಮ್ಮ ಬ್ಯಾಂಕು ತನ್ನದೇ ನಮೂನೆಯಲ್ಲಿ ಕೇಳುತ್ತದೆ. ಕಮಿಟಿ ಸಭೆ ತಿಂಗಳಿಗೊಮ್ಮೆ ನಡೆಯುವಲ್ಲಿ ಅದಕ್ಕೇ ಮೂರು ವಾರ ಹೋಗುತ್ತದೆ. ಟೋಕನ್ ಮರುದಿನವೇ ಬ್ಯಾಂಕಿನ ನಮೂನೆ ತಂದು ಕಾರ್ಯದರ್ಶಿಗೆ ಕೊಡಿ.

ಮನೆ ನೋಡಲು ಹೋದಾಗ ಸೊಸೈಟಿಯ ಹಿಂದಿನ ವರ್ಷದ ಆಡಿಟ್ ವರದಿ ಕೇಳಿ. ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ಖರ್ಚಿಗೆ ಕೂಡಿಟ್ಟ ನಿಧಿ) ಎಷ್ಟಿದೆ, ರಿಪೇರಿ ಫಂಡ್ ಎಷ್ಟಿದೆ, ಬಾಕಿದಾರರು ಎಷ್ಟು. 25 ವರ್ಷದ ಕಟ್ಟಡದಲ್ಲಿ ರಿಪೇರಿ ಫಂಡ್ ಖಾಲಿ ಇದ್ದರೆ ದೊಡ್ಡ ರಿಪೇರಿಯ ಚಂದಾ ಹೊಸ ಮಾಲೀಕರ ತಲೆಗೇ ಬರುತ್ತದೆ. ಮುಂಬಯಿ ಪಾಲಿಕೆ ವ್ಯಾಪ್ತಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ, ವರದಿ ಓದದೆ ಮುಂದೆ ಹೋಗಬೇಡಿ. ಹಳೆ ಕಟ್ಟಡಕ್ಕೆ ಬ್ಯಾಂಕು ಸಾಲದ ಅವಧಿಯನ್ನೂ ಕಡಿತ ಮಾಡುತ್ತದೆ. 20 ವರ್ಷ ಎಂದುಕೊಂಡದ್ದು 12 ಆದರೆ ಮೇಲೆ ಹೇಳಿದ 81,400ರ ಕಂತು ಲಕ್ಷ ದಾಟುತ್ತದೆ.

ನೀರು. ಠಾಣೆಯ ಘೋಡ್‌ಬಂದರ್ ರಸ್ತೆಯ ಕಡೆ ಟ್ಯಾಂಕರ್ ನಂಬಿರುವ ಸೊಸೈಟಿಗಳಿವೆ. ಏಪ್ರಿಲ್ ಮೇ ತಿಂಗಳ ಟ್ಯಾಂಕರ್ ಬಿಲ್ ಎಷ್ಟಾಯಿತು ಎಂದು ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿ, ಮೇಂಟೆನೆನ್ಸ್ ಆ ತಿಂಗಳು ಏರುತ್ತದೆಯೇ ಎಂದೂ ಕೇಳಿ. ವಯಸ್ಸಾದವರು ಇರುವ ಮನೆಗೆ ಲಿಫ್ಟ್ ಜನರೇಟರ್‌ಗೆ ಜೋಡಿಸಿದೆಯೇ ಎಂಬುದು ಬೆಲೆಯಷ್ಟೇ ಮುಖ್ಯ.

ಪಾರ್ಕಿಂಗ್ ವಿಷಯದಲ್ಲಿ ಮೋಸ ಹೋಗಬೇಡಿ. ತೆರೆದ ಜಾಗ, ಸ್ಟಿಲ್ಟ್ ಜಾಗವನ್ನು (ಕಟ್ಟಡದ ಕೆಳಗೆ ಕಂಬಗಳ ನಡುವಿನದು) ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ಅದು ಸೊಸೈಟಿಯದು. 'ಪಾರ್ಕಿಂಗ್ ಸೇರಿ 1.25' ಎಂದಾಗ ಸೊಸೈಟಿಯ ಹಂಚಿಕೆ ಪತ್ರ ಕೇಳಿ, ಅದು ನಿಮ್ಮ ಹೆಸರಿಗೆ ಬದಲಾಗುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ.

ಐರೋಲಿ_ನಕ್ಷೆ:
ಅಳತೆಯ ಬಗ್ಗೆ ಯಾರೂ ಹೇಳಲಿಲ್ಲ. ಠಾಣೆಯಲ್ಲಿ 950 ಎಂದು ಜಾಹೀರಾತು ಇದ್ದರೆ ಅದು ಸೇಲೆಬಲ್ (ಹೊರಗೋಡೆ, ಮೆಟ್ಟಿಲು, ಲಿಫ್ಟ್ ಜಾಗದ ಪಾಲನ್ನೂ ಸೇರಿಸಿ ಹೇಳುವ ಅಳತೆ), ಕಾರ್ಪೆಟ್ 620ರ ಸುತ್ತ ಇರುತ್ತದೆ. 1.25 ಕೋಟಿಯನ್ನು 950ರಿಂದ ಭಾಗಿಸಿದರೆ ಅಡಿಗೆ 13,158, ನಿಮ್ಮ ಡೊಂಬಿವಲಿಯ 14,146ಕ್ಕಿಂತ ಅಗ್ಗ ಎಂದು ಕಾಣುತ್ತದೆ. 620ರಿಂದ ಭಾಗಿಸಿ, 20,161. ಯಾವಾಗಲೂ ರೇರಾ (ಬಿಲ್ಡರ್‌ಗಳನ್ನು ನಿಯಂತ್ರಿಸುವ ಕಾಯ್ದೆ) ಹೇಳುವ ಕಾರ್ಪೆಟ್ ಒಂದನ್ನೇ ಹಿಡಿದು ಹೋಲಿಸಿ. ಅದರಲ್ಲಿ ಒಳಗಿನ ಗೋಡೆ ಸೇರುತ್ತದೆ, ಹೊರಗೋಡೆ, ಡಕ್ಟ್, ಬಾಲ್ಕನಿ ಸೇರುವುದಿಲ್ಲ. ಕರಾರಿನಲ್ಲಿ ಚದರ ಮೀಟರ್ ಇದ್ದರೆ 10.764ರಿಂದ ಗುಣಿಸಿ. ಲೇಸರ್ ಟೇಪ್ ತೆಗೆದುಕೊಂಡು ಹೋಗಿ ಪ್ರತಿ ಕೋಣೆ ಅಳೆಯಿರಿ, ಎರಡನೇ ಬೆಡ್‌ರೂಮ್ 10×9 ಎಂದದ್ದು 8 ಅಡಿ 4 ಇಂಚು ಇರುವುದು ಸಾಮಾನ್ಯ.

ಕೋಣೆ ದೊಡ್ಡದೋ ಸಣ್ಣದೋ ಎನ್ನುವುದನ್ನು ಕಣ್ಣಿನಿಂದ ಹೇಳಲು ಬರುವುದಿಲ್ಲ, ಖಾಲಿ ಮನೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. 10 ಅಡಿ ಅಂದರೆ 120 ಇಂಚು. ಕಿಂಗ್ ಸೈಜ್ ಮಂಚ 72, ಕಪಾಟು 24, ಉಳಿಯುವುದು 24 ಇಂಚು. ಕಪಾಟಿನ ಬಾಗಿಲೇ ಪೂರ್ತಿ ತೆರೆಯುವುದಿಲ್ಲ. ಕ್ವೀನ್ ಮಂಚ 60, ಆಗ 36 ಇಂಚು ಸಿಗುತ್ತದೆ. ತಂದೆ ತಾಯಿಯ ಕೋಣೆಯಲ್ಲಿ ಈ 36 ಇಂಚು ಇರಲೇಬೇಕು, ರಾತ್ರಿ ಎದ್ದು ಹೋಗುವ ದಾರಿ ಅದು. ಅವರ ಕೋಣೆಗೆ ಹತ್ತಿರದ ಬಾತ್‌ರೂಮ್‌ನ ಬಾಗಿಲು 28 ಇಂಚಿಗಿಂತ ಅಗಲ ಇದೆಯೇ, ಹೊಸ್ತಿಲು ಎಷ್ಟು ಎತ್ತರ ಎಂಬುದನ್ನೂ ಅಳೆಯಿರಿ.

ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡೋಣ ಎಂಬ ಯೋಜನೆ ಇದ್ದರೆ ಮೊದಲು ಕಟ್ಟಡ ಮೈವಾನ್ ಪದ್ಧತಿಯದೋ ಕೇಳಿ. ಅಲ್ಯುಮಿನಿಯಂ ಅಚ್ಚಿನಲ್ಲಿ ಒಟ್ಟಿಗೆ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳು ಭಾರ ಹೊರುತ್ತವೆ, ಒಡೆಯುವಂತಿಲ್ಲ. ಹೊಸ ಟವರ್‌ಗಳಲ್ಲಿ ಇದೇ ಹೆಚ್ಚು.

ಸೋರಿಕೆ ನೋಡಲು ಜುಲೈ ಆಗಸ್ಟ್‌ಗಿಂತ ಒಳ್ಳೆಯ ಕಾಲ ಇಲ್ಲ. ಮಳೆಗಾಲ ಅಲ್ಲದಿದ್ದರೆ ಕಿಟಕಿಯ ಕೆಳಮೂಲೆ, ಬಾತ್‌ರೂಮ್ ಹಿಂದಿನ ಗೋಡೆ, ಮೇಲಿನ ಮಹಡಿಯಾದರೆ ಚಾವಣಿ, ಅಲ್ಲಿ ಮಾತ್ರ ಹೊಸ ಬಣ್ಣ ಹೊಡೆದಿದೆಯೇ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಶಬ್ದ ಬಂದ ಕಡೆ ಪ್ಲಾಸ್ಟರ್ ಬಿಟ್ಟಿದೆ.

ಕಲಬುರಗಿ_ಠಾಣೆ:
ಮುಲುಂಡ್ ಹಾಗೂ ಠಾಣೆ ನಡುವ ಒಂದ್ ನಾಕಾ ಅಷ್ಟೇ ಅಡ್ಡ ಇರೋದು. ಖರ್ಚಿನ್ಯಾಗ ಏನಾರ ಫರಕು ಅದ ಏನ್ರೀ?

ಮಾಟುಂಗಾ_ಲೆಕ್ಕಪತ್ರ:
ಇದೆ. ಮುಲುಂಡ್ ಮುಂಬಯಿ ಪಾಲಿಕೆಯೊಳಗೆ, ಸ್ಟ್ಯಾಂಪ್ ಡ್ಯೂಟಿ 6%, ಠಾಣೆಗಿಂತ 1% ಕಡಿಮೆ. ಅದಲ್ಲದೆ 500 ಚದರ ಅಡಿ ಕಾರ್ಪೆಟ್‌ವರೆಗಿನ ವಾಸದ ಮನೆಗೆ ಮುಂಬಯಿ ಪಾಲಿಕೆಯ ಆಸ್ತಿ ತೆರಿಗೆ 2022ರ ಜನವರಿಯಿಂದ ಮನ್ನಾ. ಹಳೆ ಕಟ್ಟಡಗಳಲ್ಲಿ 480–495 ಅಡಿಯ 2 ಬಿಎಚ್‌ಕೆಗಳು ಇನ್ನೂ ಸಿಗುತ್ತವೆ, 510 ಅಡಿಯ ಮನೆಗೂ ಅದಕ್ಕೂ ವರ್ಷ ವರ್ಷ ಬರುವ ವ್ಯತ್ಯಾಸ ಇದು. ವಿದ್ಯುತ್ ಎರಡೂ ಕಡೆ ಮಹಾವಿತರಣದ್ದೇ. ಊರಿಗೆ ಹೋಗುವ ರೈಲಿನ ದೃಷ್ಟಿಯಿಂದ ಠಾಣೆ ಮೇಲು. ಬೆಂಗಳೂರಿನ ಉದ್ಯಾನ್, ಮಂಗಳೂರಿನ ಮತ್ಸ್ಯಗಂಧ ಎರಡೂ ಅಲ್ಲಿ ನಿಲ್ಲುತ್ತವೆ. ವಯಸ್ಸಾದವರನ್ನು ಕುರ್ಲಾ ಟರ್ಮಿನಸ್‌ವರೆಗೆ ಕರೆದೊಯ್ಯುವುದು ತಪ್ಪುತ್ತದೆ.

ಡೊಂಬಿವಲಿ_ಪೂರ್ವ:
ರೀಸೇಲ್ ಬಿಟ್ಟು ಕಟ್ಟುತ್ತಿರುವ ಕಟ್ಟಡದಲ್ಲಿ ಬುಕ್ ಮಾಡಿದರೆ? ಮೊದಲಿಗೆ 10% ಸಾಕು ಎನ್ನುತ್ತಾರೆ.

ಮುಲುಂಡ್_ದಸ್ತಾವೇಜು:
10%ಗಿಂತ ಹೆಚ್ಚು ಹಣವನ್ನು ನೋಂದಾಯಿತ ಕರಾರಿಲ್ಲದೆ ತೆಗೆದುಕೊಳ್ಳುವಂತಿಲ್ಲ ಎಂಬುದು ರೇರಾದ 13ನೇ ಕಲಂ. ಆದರೆ ನಿಮಗೆ ಅದು ಅನುಕೂಲವಲ್ಲ. 5% ಜಿಎಸ್‌ಟಿ ಸೇರಿಕೊಳ್ಳುತ್ತದೆ, 1.25 ಕೋಟಿಗೆ 6.25 ಲಕ್ಷ. ಓಸಿ ಬಂದ ಮನೆಗೆ, ರೀಸೇಲ್‌ಗೆ ಅದು ಇಲ್ಲ. ಕೀಲಿ ಕೈಗೆ ಬರುವ ತನಕ ಬಾಡಿಗೆಯೂ ಕಂತೂ ಒಟ್ಟಿಗೆ. 54ನೇ ಕಲಮಿನ ಮೂರು ವರ್ಷದೊಳಗೆ ಕಟ್ಟಡ ಮುಗಿಯದಿದ್ದರೆ ಅದೂ ಒಂದು ತಕರಾರು. ಹೋಗುವುದೇ ಆದರೆ ಮಹಾರೇರಾ ತಾಣದಲ್ಲಿ ಪ್ರಾಜೆಕ್ಟ್ ಪುಟ ತೆರೆದು, ಮುಗಿಸುವ ದಿನಾಂಕವನ್ನು ಎಷ್ಟು ಸಲ ಮುಂದೂಡಿದ್ದಾರೆ, ದೂರುಗಳು ಎಷ್ಟಿವೆ ಎಂದು ನೋಡಿ. ಎರಡು ಸಲ ಮುಂದೂಡಿದ್ದರೆ ಮೂರನೆಯದೂ ಬರುತ್ತದೆ ಎಂದೇ ಲೆಕ್ಕ ಹಾಕಿ.

ಐರೋಲಿ_ನಕ್ಷೆ:
ಸಾಗಾಟಕ್ಕೆ ಮುನ್ನ ಮಾಡುವ ಕೆಲಸವನ್ನೂ ಹೇಳಿಬಿಡುತ್ತೇನೆ. ಮೊದಲು ಬಾತ್‌ರೂಮ್ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ 48 ಗಂಟೆ ಕಾದು ಕೆಳಗಿನ ಮನೆಯಲ್ಲಿ ನೋಡಿ. ಆಮೇಲೆ ವೈರಿಂಗ್, ಆಮೇಲೆ ಮರಗೆಲಸ, ಕೊನೆಗೆ ಬಣ್ಣ. ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಪ್ಲೈವುಡ್ ಬಿಟ್ಟು ಬೇರೆ ಹಾಕಬೇಡಿ, ಎಂಆರ್ ಪ್ಲೈ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. 8×4 ಹಲಗೆ ಸಾಮಾನ್ಯ ಲಿಫ್ಟ್‌ಗೆ ಹೋಗುವುದಿಲ್ಲ, ಮೆಟ್ಟಿಲಿನಿಂದ ಏರಿಸಲು ಮಹಡಿ ಲೆಕ್ಕದಲ್ಲಿ ಕೂಲಿ ಕೊಡಬೇಕು. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ತರುವುದು ಅಗ್ಗ. ರಿಪೇರಿಗೆ ಸೊಸೈಟಿ ಡಿಪಾಸಿಟ್ ಕೇಳುತ್ತದೆ, ರಸೀದಿಯಲ್ಲಿ 'ಹಿಂತಿರುಗಿಸಲಾಗುವುದು' ಎಂದಿರಲಿ.

ವಿದ್ಯುತ್ ಮೀಟರಿನ ಮಂಜೂರಾದ ಲೋಡ್ ಬಿಲ್‌ನಲ್ಲೇ ಇರುತ್ತದೆ. ಒಂದೂವರೆ ಟನ್‌ನ ಎರಡು ಎಸಿ ಮೂರು ಕಿಲೋವ್ಯಾಟ್ ಮೀರುತ್ತದೆ, ಗೀಸರ್ ಇನ್ನೊಂದು ಎರಡು ಮೂರು. ಹೆಸರು ಬದಲಿಸುವ ಅರ್ಜಿಯ ಜೊತೆಗೇ ಲೋಡ್ ಹೆಚ್ಚಿಸಲು ಕೊಡಿ. ಎಸಿ ಬಿಚ್ಚುವಾಗ ಗ್ಯಾಸನ್ನು ಕಂಪ್ರೆಸರ್‌ಗೆ ಎಳೆಸಿಕೊಂಡು ವಾಲ್ವ್ ಮುಚ್ಚಿದ ಮೇಲೇ ಪೈಪ್ ಕತ್ತರಿಸಬೇಕು. ನಿಂತು ನೋಡಿ, ಅವಸರದಲ್ಲಿ ಗ್ಯಾಸ್ ಹೊರಗೆ ಬಿಟ್ಟುಬಿಡುತ್ತಾರೆ. ಮುಂದೆ ಬಾಗಿಲಿನ ವಾಷಿಂಗ್ ಮಷೀನ್‌ಗೆ ಕಂಪನಿಯ ಸಾಗಾಟದ ಬೋಲ್ಟ್ ಹಾಕದೆ ಟೆಂಪೋ ಹತ್ತಿಸಬೇಡಿ, ಡ್ರಮ್ ಅಲುಗಾಡಿ ಬೇರಿಂಗ್ ಹೋಗುತ್ತದೆ. ಭಾನುವಾರ ಸಾಮಾನು ಬಿಡದ ಸೊಸೈಟಿಗಳು ಹೆಚ್ಚು, ಎರಡೂ ಕಡೆಯ ಸಮಯ ಮೊದಲೇ ಬರಹದಲ್ಲಿ ಪಡೆಯಿರಿ.

ಡೊಂಬಿವಲಿ_ಪೂರ್ವ:
ಕೊನೆಯ ಪ್ರಶ್ನೆ. ಹಳೆ ಮನೆ ಮಾರಾಟ ಮುಗಿದು ಹೊಸದು ಕೈತಪ್ಪಿದರೆ, ರಿಟರ್ನ್ ದಿನ ಬಂದುಬಿಟ್ಟರೆ ಲಾಭದ ಹಣ ಏನು ಮಾಡಬೇಕು? ಎಫ್‌ಡಿಯಲ್ಲಿ ಇಟ್ಟರೆ ಸಾಕೇ?

ಮಾಟುಂಗಾ_ಲೆಕ್ಕಪತ್ರ:
ಸಾಮಾನ್ಯ ಎಫ್‌ಡಿ ಲೆಕ್ಕಕ್ಕೆ ಬರುವುದಿಲ್ಲ. ರಿಟರ್ನ್ ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31, 1988ರ ಕ್ಯಾಪಿಟಲ್ ಗೇನ್ಸ್ ಅಕೌಂಟ್ ಯೋಜನೆಯ ಖಾತೆಗೆ ಹಾಕಬೇಕು. ನಿಮ್ಮ ಪ್ರಕರಣದಲ್ಲಿ ಹಾಕಬೇಕಾದದ್ದು ಲಾಭದ 31.32 ಲಕ್ಷ, ಮಾರಿದ 58 ಅಲ್ಲ. ಅಧಿಕೃತ ಬ್ಯಾಂಕುಗಳಲ್ಲಿ ಮಾತ್ರ, ಗ್ರಾಮೀಣ ಶಾಖೆಗಳಲ್ಲಿ ಇಲ್ಲ. 'ಎ' ಮಾದರಿ ಉಳಿತಾಯ ಖಾತೆ, 'ಬಿ' ಅವಧಿ ಠೇವಣಿ. ಬೇಗ ಕೊಳ್ಳುವ ಉದ್ದೇಶ ಇರುವುದರಿಂದ 'ಎ' ತೆರೆಯಿರಿ. ತೆಗೆಯುವಾಗ ಮೊದಲ ಸಲ ಫಾರಂ ಸಿ, ಆಮೇಲೆ ಪ್ರತಿ ಸಲ ಹಿಂದಿನ ಹಣ ಎಲ್ಲಿ ಖರ್ಚಾಯಿತು ಎಂದು ಫಾರಂ ಡಿ. ತೆಗೆದ ಹಣವನ್ನು 60 ದಿನದೊಳಗೆ ಮನೆಗೇ ಬಳಸಬೇಕು, ಮಿಕ್ಕದ್ದನ್ನು ಅದೇ ಖಾತೆಗೆ ತಿರುಗಿ ತುಂಬಬೇಕು. ಎರಡು ವರ್ಷದೊಳಗೆ ಮನೆ ಕೊಳ್ಳದೆ, ಮೂರು ವರ್ಷದೊಳಗೆ ಕಟ್ಟಿಸದೆ ಹಣ ಉಳಿದರೆ, ಮಾರಿದ ದಿನದಿಂದ ಮೂರು ವರ್ಷ ಮುಗಿಯುವ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಆಗ ಖಾತೆ ಮುಚ್ಚಲು ಫಾರಂ ಜಿ ಕೊಟ್ಟು ತೆರಿಗೆ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಶಾಖೆಯಲ್ಲಿ ಈ ಖಾತೆ ತೆರೆಯುವುದು ಅಪರೂಪದ ಕೆಲಸ, ಗೊತ್ತಿರುವ ಗುಮಾಸ್ತರನ್ನು ಹುಡುಕುವುದರಲ್ಲೇ ದಿನ ಹೋಗುತ್ತದೆ. ಜುಲೈ ಕೊನೆಯ ವಾರಕ್ಕೆ ಬಿಡಬೇಡಿ, ತಿಂಗಳ ಮೊದಲೇ ಪ್ಯಾನ್, ಮಾರಾಟದ ಕರಾರು ಹಿಡಿದು ಹೋಗಿ.